ಜೋರ್ಡಿ ನೆಲ್ಸನ್ ಮಂಡಿ ಹೋಯಿತು, ಉಳಿದವರಿಗೆಲ್ಲ ಬೇಡದ ಬಡ್ತಿ ಬಂತು

2015ರ ಆಗಸ್ಟ್ 23, ಪಿಟ್ಸ್‌ಬರ್ಗ್‌ನ ಹೈಂಜ್ ಫೀಲ್ಡ್. ಅಮೆರಿಕನ್ ಫುಟ್‌ಬಾಲ್ ಸೀಸನ್ ಇನ್ನೂ ಶುರುವಾಗಿರಲಿಲ್ಲ. ಅದು ಬರೀ ಅಭ್ಯಾಸ ಪಂದ್ಯ, ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ಕೈಗೆ ಚೆಂಡು ಬಂದ ಮೊದಲ ಸರದಿಯಲ್ಲೇ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್ ಒಂದು ಸಣ್ಣ ಪಾಸ್ ಎಸೆದರು. ಜೋರ್ಡಿ ನೆಲ್ಸನ್ ಹಿಡಿದರು. 8 ಗಜದ ಪಾಸ್, ಅವರಿಗೆ ಅದು ದಿನಾ ಮಾಡುವ ಕೆಲಸ. ಹಿಡಿದು ಮುಂದಕ್ಕೆ ತಿರುಗಿದರು, ಕಾಲು ಜಾರಿತು, ಅಷ್ಟೇ. ಯಾರೋ ಬಂದು ಗುದ್ದಿ ಆದ ಗಾಯವಲ್ಲ.

ಬಲ ಮಂಡಿಯ ಎಸಿಎಲ್, ಅಂದರೆ ಮಂಡಿಯನ್ನು ಹಿಡಿದಿಡುವ ಮುಖ್ಯ ಅಸ್ಥಿರಜ್ಜು, ಹರಿದಿತ್ತು. ಒಂದು ಲೆಕ್ಕದ ಪಂದ್ಯವನ್ನೂ ಆಡದೆ ಅವರ ಇಡೀ ಸೀಸನ್ ಮುಗಿಯಿತು.

ಅಮೆರಿಕನ್ ಫುಟ್‌ಬಾಲ್ ಅರ್ಥವಾಗಬೇಕು ಅಂದರೆ ಈ ಒಂದು ಗಾಯದ ಕಥೆ ಹಿಡಿದುಕೊಂಡು ಹೋದರೆ ಸಾಕು ಅಂತ ನನಗೆ ಅನಿಸುತ್ತದೆ. ಯಾಕಂದರೆ ಒಬ್ಬ ಒಳ್ಳೆಯ ರಿಸೀವರ್ ಹೋದಾಗ ತಂಡಕ್ಕೆ ನಿಜವಾಗಿ ಏನು ಕಡಿಮೆಯಾಗುತ್ತದೆ ಅನ್ನುವುದು ಮೊದಲ ನೋಟಕ್ಕೆ ಗೊತ್ತೇ ಆಗುವುದಿಲ್ಲ. ಗ್ರೀನ್ ಬೇ ತಂಡಕ್ಕೂ ಅದು ಸರಿಯಾಗಿ ಗೊತ್ತಾಗಲು ಸುಮಾರು ಎರಡು ತಿಂಗಳು ಹಿಡಿಯಿತು.

ಈ ಆಟ ನೋಡಿಯೇ ಇಲ್ಲದವರಿಗೆ ನಾಲ್ಕು ಮಾತು. ಎರಡೂ ಕಡೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಚೆಂಡನ್ನು ಹಿಡಿದುಕೊಂಡು ಓಡಬಹುದು, ಇಲ್ಲವೇ ಎಸೆಯಬಹುದು. ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿಹೋಗಿ ಹಿಡಿಯುವುದೇ ಕೆಲಸವಾದವನು ರಿಸೀವರ್. ಎದುರಾಳಿ ಕಡೆಯಿಂದ ರಿಸೀವರ್ ಬೆನ್ನು ಬೀಳುವವನು ಕಾರ್ನರ್‌ಬ್ಯಾಕ್. ಎಲ್ಲರಿಗಿಂತ ಹಿಂದೆ ನಿಂತು, ಕಾರ್ನರ್ ತಪ್ಪಿದರೆ ಕಾಪಾಡುವವನು ಸೇಫ್ಟಿ. ಈ ಸೇಫ್ಟಿಯ ಹೆಸರು ನೆನಪಿಟ್ಟುಕೊಳ್ಳಿ. ಕಥೆಯೆಲ್ಲ ಅವನು ಎಲ್ಲಿ ನಿಲ್ಲುತ್ತಾನೆ ಅನ್ನುವುದರ ಮೇಲೆಯೇ ನಿಂತಿದೆ.

ಇನ್ನು ನೆಲ್ಸನ್ ಯಾರು? ಕ್ಯಾನ್ಸಸ್ ರಾಜ್ಯದ ರೈತ ಕುಟುಂಬದ ಹುಡುಗ. 2008ರಲ್ಲಿ ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ಎರಡನೇ ಸುತ್ತಿನಲ್ಲಿ ಗ್ರೀನ್ ಬೇಗೆ ಬಂದವರು. ರಾಜರ್ಸ್ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದದ್ದೂ ಅದೇ ವರ್ಷ. ಅಂದರೆ ಇಬ್ಬರೂ ಏಳು ವರ್ಷ ಜೊತೆಯಲ್ಲೇ ಬೆಳೆದವರು. 2011ರ ಫೆಬ್ರುವರಿಯಲ್ಲಿ ಪ್ಯಾಕರ್ಸ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಾಗ ನೆಲ್ಸನ್ 9 ಕ್ಯಾಚ್ ಹಿಡಿದು 140 ಗಜ ಗಳಿಸಿದ್ದರು. ಅವತ್ತು ಸೋತ ತಂಡ ಇದೇ ಪಿಟ್ಸ್‌ಬರ್ಗ್. 2014ರಲ್ಲಂತೂ 98 ಕ್ಯಾಚ್, 1,519 ಗಜ, 13 ಟಚ್‌ಡೌನ್ (ಎದುರಾಳಿಯ ಗೋಲು ಗೆರೆಯಾಚೆ ಚೆಂಡು ತಲುಪಿಸಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ). ರಾಜರ್ಸ್ ಆ ವರ್ಷ ಇಡೀ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ತಂಡ 16 ಪಂದ್ಯಗಳಲ್ಲಿ 486 ಅಂಕ ಹಾಕಿತು. ಅಷ್ಟು ಅಂಕ ಆ ವರ್ಷ ಬೇರೆ ಯಾರೂ ಹಾಕಲಿಲ್ಲ.

ಗಾಯದ ಸುದ್ದಿ ಬಂದ ದಿನ ಎಲ್ಲರೂ ಒಂದು ಲೆಕ್ಕ ಹಾಕಿದರು. ರಾಜರ್ಸ್ ಅಂಥವರು ಇದ್ದಾರೆ. ಎರಡನೇ ರಿಸೀವರ್ ರ‍್ಯಾಂಡಲ್ ಕಾಬ್ ಕೂಡ ಹೋದ ವರ್ಷ 1,287 ಗಜ ಗಳಿಸಿದ್ದಾರೆ. ನೆಲ್ಸನ್ ಹಿಡಿಯುತ್ತಿದ್ದ ಆ 98 ಕ್ಯಾಚ್‌ಗಳನ್ನು ಉಳಿದವರಿಗೆ ಹಂಚಿದರೆ ಆಯಿತು. ಈತನಿಗೆ ನಲವತ್ತು, ಆತನಿಗೆ ಮೂವತ್ತು, ಮಿಕ್ಕಿದ್ದು ಹೊಸಬನಿಗೆ. ಕಾಗದದ ಮೇಲೆ ಸರಿಹೋಗುತ್ತದೆ, ಅಲ್ವಾ?

ಸರಿಹೋಗುವುದಿಲ್ಲ. ಯಾಕೆ ಅಂತ ನೋಡೋಣ.

ರಿಸೀವರ್ ಅಂದರೆ ಒಂದೇ ಕೆಲಸ ಅಲ್ಲ

ದೂರದಿಂದ ನೋಡುವಾಗ ರಿಸೀವರ್‌ಗಳೆಲ್ಲ ಒಂದೇ ಥರ ಕಾಣುತ್ತಾರೆ. ಓಡುತ್ತಾರೆ, ಹಿಡಿಯುತ್ತಾರೆ. ಆದರೆ ಎಲ್ಲಿ ನಿಂತು ಓಟ ಶುರು ಮಾಡುತ್ತಾರೆ ಅನ್ನುವುದರ ಮೇಲೆ ಕೆಲಸ ಪೂರ್ತಿ ಬದಲಾಗುತ್ತದೆ.

ನಿಯಮದ ಪ್ರಕಾರ ಚೆಂಡು ಇರುವ ತಂಡದ ಏಳು ಜನ ಚೆಂಡಿನ ಸಾಲಿನಲ್ಲೇ ನಿಲ್ಲಬೇಕು. ಹಾಗಾಗಿ ಒಂದು ತುದಿಯ ರಿಸೀವರ್ ಸಾಲಿಗೆ ಅಂಟಿಕೊಂಡೇ ಇರಬೇಕಾಗುತ್ತದೆ. ಅವನನ್ನು ಎಕ್ಸ್ ಅನ್ನುತ್ತಾರೆ. ಅವನ ಮೂಗಿನ ಮುಂದೆಯೇ ಕಾರ್ನರ್‌ಬ್ಯಾಕ್ ನಿಂತಿರುತ್ತಾನೆ. ಮೊದಲ 5 ಗಜದವರೆಗೆ ಅವನು ರಿಸೀವರ್ ಎದೆಗೆ ಕೈಕೊಟ್ಟು ತಳ್ಳಬಹುದು, ಅದಕ್ಕೆ ನಿಯಮದಲ್ಲೇ ಅವಕಾಶ ಇದೆ. ತಳ್ಳಿಸಿಕೊಂಡೂ ತಪ್ಪಿಸಿಕೊಂಡು ಹೋಗುವ ತಾಕತ್ತು ಎಕ್ಸ್‌ಗೆ ಇರಬೇಕು. ಇನ್ನೊಂದು ತುದಿಯವನು ಝಡ್. ಅವನು ಸಾಲಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲಬಹುದು, ಚೆಂಡು ಆಟಕ್ಕೆ ಬರುವ ಮೊದಲೇ ಅಡ್ಡಕ್ಕೆ ಓಡಾಡಬಹುದು, ಅವನಿಗೆ ಸ್ವಲ್ಪ ಉಸಿರಾಡಲು ಜಾಗ ಇರುತ್ತದೆ. ಮೂರನೆಯವನು ಸ್ಲಾಟ್. ತುದಿಯವನಿಗೂ ನಡುವಿನ ದಡಿಯರಿಗೂ ಮಧ್ಯದ ಸಂದಿಯಲ್ಲಿ ನಿಲ್ಲುವವನು. ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಸಾಮಾನ್ಯವಾಗಿ ಚಿಕ್ಕ ಮೈಯ, ಚುರುಕು ಕಾಲಿನ ಆಟಗಾರನಿಗೆ ಈ ಜಾಗ.

ನೆಲ್ಸನ್ ಆಡುತ್ತಿದ್ದದ್ದು ಹೆಚ್ಚಾಗಿ ಹೊರ ತುದಿಯಲ್ಲಿ. ಕಾಬ್ ಸ್ಲಾಟ್‌ನಲ್ಲಿ. ಕಾಬ್ ಎತ್ತರ ಆರಡಿಗಿಂತ ಕಡಿಮೆ. ಸಂದಿಯಲ್ಲಿ ನುಸುಳುವುದರಲ್ಲಿ ಅವರು ಪಳಗಿದ ಕೈ. ಅವರನ್ನು ಕರೆದು ತುದಿಗೆ ನಿಲ್ಲಿಸಿ, ಆರಡಿ ಎತ್ತರದ ಕಾರ್ನರ್ ಜೊತೆ ಎದೆಗೆ ಎದೆ ಕೊಟ್ಟು ಸೆಣಸು ಅಂದರೆ? ಆಫೀಸಿನಲ್ಲಿ ಮ್ಯಾನೇಜರ್ ದಿಢೀರನೆ ಕೆಲಸ ಬಿಟ್ಟಾಗ ಒಳ್ಳೆಯ ಅಕೌಂಟೆಂಟನ್ನು ಆ ಕುರ್ಚಿಗೆ ಕೂರಿಸುತ್ತಾರಲ್ಲ, ಹಾಗೆ. ಮ್ಯಾನೇಜರ್ ಕೆಲಸವೂ ನೆಟ್ಟಗಾಗುವುದಿಲ್ಲ, ಲೆಕ್ಕ ಬರೆಯುವವನೂ ಹೋದ.

ಬಡ್ತಿಯ ಸರಪಳಿ ಇಲ್ಲಿಂದ ಶುರು. ಕಾಬ್ ಒಂದನೇ ನಂಬರ್ ಆದರು. ಅಂದರೆ ಎದುರಾಳಿಯ ಅತ್ಯುತ್ತಮ ಕಾರ್ನರ್, ಜೊತೆಗೆ ಅವರ ಪೂರ್ತಿ ಗಮನ, ಎರಡೂ ಈಗ ಕಾಬ್ ಮೇಲೆ. ಮೂರನೇ ರಿಸೀವರ್ ಆಗಿದ್ದ, ಬರೀ ಎರಡನೇ ವರ್ಷದ ಡಾವಾಂಟೆ ಆಡಮ್ಸ್ ಎರಡನೇ ಜಾಗಕ್ಕೆ. ಹೋದ ವರ್ಷ ಅವರ ಎದುರು ನಿಲ್ಲುತ್ತಿದ್ದದ್ದು ಎದುರಾಳಿಯ ಮೂರನೇ ದರ್ಜೆಯ ಕಾರ್ನರ್. ಈ ವರ್ಷ ಮೊದಲೆರಡರಲ್ಲಿ ಒಬ್ಬ. ಮೂರನೇ ಜಾಗಕ್ಕೆ ಆಗತಾನೇ ಕಾಲೇಜು ಮುಗಿಸಿ ಬಂದ ಟೈ ಮಾಂಟ್‌ಗೊಮರಿ. ಯಾರೂ ಹೋದ ವರ್ಷಕ್ಕಿಂತ ಕೆಟ್ಟ ಆಟಗಾರರಾಗಿರಲಿಲ್ಲ. ಆದರೆ ಪ್ರತಿಯೊಬ್ಬರ ಮುಂದೆಯೂ ಒಂದು ಮೆಟ್ಟಿಲು ಮೇಲಿನ ಎದುರಾಳಿ ಬಂದು ನಿಂತಿದ್ದ.

ಒಬ್ಬ ಹೋದದ್ದಕ್ಕೆ ಮೂರು ಜಾಗ ದುರ್ಬಲವಾಯಿತು.

ಸೇಫ್ಟಿ ಎಲ್ಲಿ ನಿಂತಿದ್ದಾನೆ?

ಈಗ ಆ ಸೇಫ್ಟಿಯ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇದೇ.

ಕ್ರಿಕೆಟ್ಟಿನಲ್ಲಿ ಸಿಕ್ಸರ್ ಹೊಡೆಯುವವನು ಕ್ರೀಸಿನಲ್ಲಿದ್ದರೆ ನಾಯಕ ಏನು ಮಾಡುತ್ತಾನೆ? ಲಾಂಗ್ ಆನ್‌ನಲ್ಲಿ ಒಬ್ಬ, ಡೀಪ್ ಮಿಡ್‌ವಿಕೆಟ್‌ನಲ್ಲಿ ಒಬ್ಬ, ಎಲ್ಲರನ್ನೂ ಬೌಂಡರಿಗೆ ಓಡಿಸುತ್ತಾನೆ. ಆಗ ಇನ್ನೊಂದು ತುದಿಯಲ್ಲಿರುವ ಸಾದಾ ಬ್ಯಾಟ್ಸ್‌ಮನ್ ಕೂಡ ಸುಮ್ನೆ ತಳ್ಳಿ ಒಂಟಿ ರನ್ ಓಡಿಕೊಳ್ಳುತ್ತಾನೆ. ಆ ಹೊಡೆಬಡಿಯುವವನು ಔಟಾದ ಮರುಕ್ಷಣ ಫೀಲ್ಡರ್‌ಗಳೆಲ್ಲ ಒಳಗೆ. ಮುಂಚೆ ಸಿಗುತ್ತಿದ್ದ ಒಂಟಿ ರನ್ ಕೂಡ ನಿಂತುಹೋಗುತ್ತದೆ. ಸ್ಕೋರ್‌ಬೋರ್ಡಿನಲ್ಲಿ ಆ ಒಂಟಿ ರನ್‌ಗಳು ಅವನ ಹೆಸರಿನಲ್ಲಿ ಇರಲೇ ಇಲ್ಲ. ಆದರೆ ಅವು ಬರುತ್ತಿದ್ದದ್ದು ಅವನಿಂದ.

ನೆಲ್ಸನ್ ಮಾಡುತ್ತಿದ್ದದ್ದು ಇದನ್ನೇ. 40, 50, 60 ಗಜ ದೂರದಲ್ಲಿ ಕಾರ್ನರನ್ನು ಹಿಂದೆ ಹಾಕಿ ಚೆಂಡು ಹಿಡಿಯುವ ಆಟಗಾರ ಅವರು. ಹಾಗಾಗಿ ಎದುರಾಳಿ ಒಬ್ಬ ಸೇಫ್ಟಿಯನ್ನು ಅವರ ಕಡೆಗೆ ವಾಲಿಸಿ, ಹಿಂದೆಯೇ ನಿಲ್ಲಿಸಬೇಕಾಗುತ್ತಿತ್ತು. ಅದರಿಂದ ಮೈದಾನದ ನಡುಭಾಗ ಖಾಲಿ, ಕಾಬ್ ಅಲ್ಲಿ ಆರಾಮಾಗಿ ಹಿಡಿಯುತ್ತಿದ್ದರು. ಸಾಲಿನ ಹತ್ತಿರ ಒಬ್ಬ ಕಡಿಮೆ, ಹಾಗಾಗಿ ಚೆಂಡು ಹೊತ್ತು ಓಡುವ ಎಡ್ಡಿ ಲೇಸಿಗೂ ದಾರಿ ಸಲೀಸು. ನೆಲ್ಸನ್ ಕಡೆಗೆ ಚೆಂಡು ಬಾರದ ಆಟದಲ್ಲೂ ಅವರು ಕೆಲಸ ಮಾಡುತ್ತಲೇ ಇದ್ದರು.

ನೆಲ್ಸನ್ ಇಲ್ಲದ ಮೇಲೆ ಸೇಫ್ಟಿಗೆ ಹಿಂದೆ ಏನು ಕೆಲಸ? ಒಬ್ಬನನ್ನು ಆಳದಲ್ಲಿ ಬಿಟ್ಟು ಇನ್ನೊಬ್ಬ ಮುಂದಕ್ಕೆ ಬಂದ. ಲೇಸಿ ಓಡುವ ಜಾಗದಲ್ಲಿ ಒಬ್ಬ ಹೆಚ್ಚಾದ. ಕಾಬ್ ನುಸುಳುವ ಸಂದಿ ಕಿರಿದಾಯಿತು. ಕಾರ್ನರ್‌ಗಳು ಧೈರ್ಯವಾಗಿ ಸಾಲಿಗೇ ಬಂದು ರಿಸೀವರ್‌ಗಳ ಎದೆ ಮೇಲೆ ಕೈಯಿಟ್ಟರು.

ಕಾಬ್ ಅಂಕಿಗಳಲ್ಲೇ ಇದು ಕಾಣುತ್ತದೆ. 2014ರಲ್ಲಿ ಅವರ ಒಂದೊಂದು ಕ್ಯಾಚ್‌ಗೆ ಸರಾಸರಿ 14 ಗಜ. 2015ರಲ್ಲಿ 10.5. ಅವರೇ ಆಟಗಾರ, ಅವರೇ ಎಸೆಯುವವರು. ಬದಲಾದದ್ದು ಸುತ್ತಲಿನ ಜಾಗ. ಲೇಸಿ 1,139 ಗಜದಿಂದ 758ಕ್ಕೆ ಇಳಿದರು. ಅದರಲ್ಲಿ ಅವರ ಮೈತೂಕದ ಪಾಲೂ ಇತ್ತು, ಎಲ್ಲವನ್ನೂ ನೆಲ್ಸನ್ ಮಂಡಿಗೇ ಕಟ್ಟುವುದು ತಪ್ಪಾಗುತ್ತದೆ.

ಇರುವವರಲ್ಲೇ ಆರಿಸು, ಇಲ್ಲವೇ ಹೊರಗಿಂದ ತಾ

ಇಂಥ ಹೊತ್ತಿನಲ್ಲಿ ತಂಡದ ಕೈಯಲ್ಲಿ ಇರುವ ದಾರಿಗಳು ಬಹಳ ಇಲ್ಲ. ಗಾಯಾಳುಗಳ ಪಟ್ಟಿಗೆ ಆಟಗಾರನನ್ನು ಸೇರಿಸಿದರೆ ಅವನ ಜಾಗ ಖಾಲಿಯಾಗುತ್ತದೆ, ಇನ್ನೊಬ್ಬನನ್ನು ತೆಗೆದುಕೊಳ್ಳಬಹುದು. ಆದರೆ ಯಾರನ್ನು? ಬೇರೆ ತಂಡದಿಂದ ಒಳ್ಳೆಯ ರಿಸೀವರ್ ಬೇಕೆಂದರೆ ಮುಂದಿನ ವರ್ಷಗಳ ಡ್ರಾಫ್ಟ್ ಸರದಿ ಬಿಟ್ಟುಕೊಡಬೇಕು. ಸಂಬಳಕ್ಕೆ ಲೀಗ್ ಹಾಕಿದ ಮಿತಿ ಬೇರೆ. ಆಗಸ್ಟ್ ಕೊನೆಗೆ ಯಾವ ತಂಡವೂ ತನ್ನ ಒಳ್ಳೆಯವರನ್ನು ಮಾರುವುದಿಲ್ಲ.

ಗ್ರೀನ್ ಬೇಗೆ ಒಂದು ಅದೃಷ್ಟ ಇತ್ತು, ಕ್ಯಾಲೆಂಡರಿನ ಅದೃಷ್ಟ. ಬೇಸಿಗೆ ಶಿಬಿರದಲ್ಲಿ ಪ್ರತಿ ತಂಡದಲ್ಲೂ 90 ಆಟಗಾರರು ಇರುತ್ತಾರೆ. ಆ ವರ್ಷದ ನಿಯಮದಂತೆ ಅದನ್ನು ಮೊದಲು 75ಕ್ಕೆ, ಸೆಪ್ಟೆಂಬರ್ 5ರೊಳಗೆ 53ಕ್ಕೆ ಇಳಿಸಬೇಕಿತ್ತು. 32 ತಂಡ, ತಲಾ 22 ಜನ. ಕೊನೆಯ ಕಡಿತದಲ್ಲೇ ಸುಮಾರು 700 ಜನ ಕೆಲಸ ಕಳೆದುಕೊಳ್ಳುತ್ತಾರೆ. ಕೇಳಲು ಕ್ರೂರ. ಆದರೆ ಆಟಗಾರ ಬೇಕಾಗಿರುವ ತಂಡಕ್ಕೆ ಅದು ಸಂತೆ.

ಆ ಸಂತೆಯಲ್ಲಿ ಒಂದು ಹಳೇ ಮುಖ ಸಿಕ್ಕಿತು. ಜೇಮ್ಸ್ ಜೋನ್ಸ್. 2007ರಿಂದ 2013ರವರೆಗೆ ಗ್ರೀನ್ ಬೇಯಲ್ಲೇ ಆಡಿದ್ದವರು, 2012ರಲ್ಲಿ 14 ಟಚ್‌ಡೌನ್ ಕ್ಯಾಚ್ ಹಿಡಿದು ಲೀಗಿನಲ್ಲೇ ಮೊದಲಿಗರಾಗಿದ್ದವರು. ಆಮೇಲೆ ಓಕ್‌ಲೆಂಡ್‌ಗೆ ಹೋದರು, ಅಲ್ಲಿ ಒಂದೇ ವರ್ಷಕ್ಕೆ ಬಿಟ್ಟರು, ನ್ಯೂಯಾರ್ಕ್ ಜೈಂಟ್ಸ್ ಸೇರಿದರು, ಜೈಂಟ್ಸ್ ಕೂಡ ಈ ಕಡಿತದ ದಿನ ಕೈಬಿಟ್ಟಿತು. ಮರುದಿನವೇ ಗ್ರೀನ್ ಬೇ ಕರೆಯಿತು. ವಯಸ್ಸು 31. ವೇಗ ಮೊದಲೂ ಬಹಳ ಇರಲಿಲ್ಲ.

ಮತ್ತೆ ಯಾಕೆ ಅವರೇ? ಬೇರೆ ಚುರುಕು ಹುಡುಗರು ಸಿಗುತ್ತಿರಲಿಲ್ಲವೇ? ಸಿಗುತ್ತಿದ್ದರು. ಆದರೆ ಅವರಿಗೆ ರಾಜರ್ಸ್ ಭಾಷೆ ಬರುತ್ತಿರಲಿಲ್ಲ.

ಸನ್ನೆಯ ಭಾಷೆ

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾಜರ್ಸ್ ಮತ್ತು ನೆಲ್ಸನ್ ಸೇರಿ ಹೆಸರಾದ ಒಂದು ಎಸೆತ ಇದೆ, ಬ್ಯಾಕ್ ಶೋಲ್ಡರ್ ಅನ್ನುತ್ತಾರೆ. ನೆಲ್ಸನ್ ಅಂಚಿನ ಗೆರೆಯ ಪಕ್ಕ ನೇರವಾಗಿ ಓಡುತ್ತಿರುತ್ತಾರೆ. ಕಾರ್ನರ್ ಪಕ್ಕದಲ್ಲೇ ಅಂಟಿಕೊಂಡು ಓಡುತ್ತಿದ್ದಾನೆ, ಬಿಡುತ್ತಿಲ್ಲ. ಮಾಮೂಲಿ ಲೆಕ್ಕದಲ್ಲಿ ಅಲ್ಲಿಗೆ ಎಸೆಯಬಾರದು. ಆದರೆ ರಾಜರ್ಸ್ ಎಸೆಯುತ್ತಾರೆ, ಮುಂದಕ್ಕಲ್ಲ, ನೆಲ್ಸನ್ ಹಿಂದಿನ ಭುಜಕ್ಕೆ. ಚೆಂಡು ಕೈಬಿಡುವಾಗ ನೆಲ್ಸನ್ ಇನ್ನೂ ತಿರುಗಿರುವುದಿಲ್ಲ. ಒಂದು ಕ್ಷಣ ಬಿಟ್ಟು ಕಾಲೂರಿ ನಿಂತು ಹಿಂದಕ್ಕೆ ಹೊರಳುತ್ತಾರೆ, ಚೆಂಡು ಅಲ್ಲಿಗೇ ಬಂದಿರುತ್ತದೆ. ಕಾರ್ನರ್ ಓಟದ ರಭಸಕ್ಕೆ ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿರುತ್ತಾನೆ.

ಇದನ್ನು ಮೊದಲೇ ಹೇಳಿಕೊಟ್ಟಿರುವುದಿಲ್ಲ. ಓಡುತ್ತಿರುವಾಗ ಕಾರ್ನರ್ ತಲೆ ಯಾವ ಕಡೆ ಇದೆ, ಎಷ್ಟು ಹತ್ತಿರ ಇದ್ದಾನೆ ಅಂತ ಇಬ್ಬರೂ ನೋಡಿ, ಇಬ್ಬರೂ ಒಂದೇ ತೀರ್ಮಾನಕ್ಕೆ ಬರಬೇಕು. ಒಬ್ಬ ಹಾಗಂದುಕೊಂಡು ಇನ್ನೊಬ್ಬ ಹೀಗಂದುಕೊಂಡರೆ ಚೆಂಡು ನೆಲಕ್ಕೆ, ಇಲ್ಲವೇ ಎದುರಾಳಿ ಕೈಗೆ. ಇದಲ್ಲದೆ ಸಾಲಿನಲ್ಲಿ ನಿಂತಾಗ ರಾಜರ್ಸ್ ಕೈಬೆರಳಲ್ಲಿ ಸನ್ನೆ ಮಾಡಿ ರಿಸೀವರ್ ಓಡುವ ದಾರಿಯನ್ನೇ ಬದಲಿಸುತ್ತಾರೆ. ಹಳೇ ಗಂಡ ಹೆಂಡತಿ ಮದುವೆ ಮನೆಯಲ್ಲಿ ಕಣ್ಣಲ್ಲೇ 'ಹೊರಡೋಣ' ಅಂದುಕೊಳ್ಳುತ್ತಾರಲ್ಲ, ಅಂಥದ್ದು. ಹೊಸಬನಿಗೆ ಹತ್ತು ದಿನದಲ್ಲಿ ಕಲಿಸುವುದು ಕಷ್ಟ.

ಜೋನ್ಸ್‌ಗೆ ಅದು ಬರುತ್ತಿತ್ತು. ಸೆಪ್ಟೆಂಬರ್ 13ರಂದು ಷಿಕಾಗೋದಲ್ಲಿ ಮೊದಲ ಪಂದ್ಯ. ತಂಡ ಸೇರಿ ಒಂದೇ ವಾರ. ಜೋನ್ಸ್ ಎರಡು ಟಚ್‌ಡೌನ್ ಹಿಡಿದರು, ಗ್ರೀನ್ ಬೇ 31-23ರಿಂದ ಗೆದ್ದಿತು. ಮೂರನೇ ವಾರ ಕ್ಯಾನ್ಸಸ್ ಸಿಟಿ ವಿರುದ್ಧ ಕಾಬ್ ಮೂರು ಟಚ್‌ಡೌನ್, ಜೋನ್ಸ್ 139 ಗಜ. ತಂಡ ಸತತ ಆರು ಪಂದ್ಯ ಗೆದ್ದಿತು. ನೆಲ್ಸನ್ ಇಲ್ಲದಿದ್ದರೂ ನಡೆಯುತ್ತದೆ ಅಂತ ಎಲ್ಲರೂ ಬರೆದರು.

ಆದರೆ ಆ ಆರು ಗೆಲುವಿನ ಒಳಗೇ ಬಿರುಕು ಇತ್ತು. ಎರಡನೇ ವಾರ ಆಡಮ್ಸ್ ಕಣಕಾಲು ಉಳುಕಿತು. ಆರನೇ ಪಂದ್ಯದಲ್ಲಿ ಮಾಂಟ್‌ಗೊಮರಿ ಕಣಕಾಲಿಗೆ ಪೆಟ್ಟಾಗಿ ಅವರ ಸೀಸನ್ ಕೂಡ ಮುಗಿಯಿತು. ಕಾಬ್ ಆಗಸ್ಟ್‌ನಿಂದಲೇ ಭುಜದ ನೋವಿನಲ್ಲಿ ಆಡುತ್ತಿದ್ದರು. ಜೊತೆಗೆ ಗಜಗಳು ಬರುತ್ತಿದ್ದ ದಾರಿಯೂ ಸ್ವಲ್ಪ ವಿಚಿತ್ರವಾಗಿತ್ತು. ರಾಜರ್ಸ್ ದನಿ ಏರಿಳಿಸಿ ಎದುರಾಳಿಯನ್ನು ಮೊದಲೇ ಜಿಗಿಯುವಂತೆ ಮಾಡುತ್ತಿದ್ದರು. ಜಿಗಿದರೆ ಎದುರಾಳಿಗೆ ದಂಡ, ಆ ಎಸೆತ ಗ್ರೀನ್ ಬೇಗೆ ಪುಕ್ಕಟೆ, ತಪ್ಪಿದರೂ ನಷ್ಟವಿಲ್ಲ. ಆಗ ಜೋನ್ಸ್ ಕಡೆಗೆ ಉದ್ದಕ್ಕೆ ಎಸೆದುಬಿಡುವುದು. ಇದು ಜಾಣತನವೇ. ಆದರೆ ಇದನ್ನೇ ನಂಬಿ ಸಂಸಾರ ಮಾಡಲಾಗುವುದಿಲ್ಲ.

ಡೆನ್ವರ್‌ನಲ್ಲಿ ಗುಟ್ಟು ಬಯಲು

ನವೆಂಬರ್ 1. ಆರಕ್ಕೆ ಆರು ಗೆದ್ದಿದ್ದ ಗ್ರೀನ್ ಬೇ, ಆರಕ್ಕೆ ಆರು ಗೆದ್ದಿದ್ದ ಡೆನ್ವರ್. ಡೆನ್ವರ್ ಬಳಿ ಆ ವರ್ಷ ಲೀಗಿನ ಅತ್ಯುತ್ತಮ ಕಾರ್ನರ್‌ಗಳಿದ್ದರು, ಅಕಿಬ್ ತಾಲಿಬ್ ಮತ್ತು ಕ್ರಿಸ್ ಹ್ಯಾರಿಸ್. ಅವರು ಮಾಡಿದ್ದು ಬಹಳ ಸರಳ. ಪ್ರತಿ ರಿಸೀವರ್‌ಗೆ ಒಬ್ಬ ಕಾವಲುಗಾರ, ಸಾಲಿನಲ್ಲೇ ಎದೆಗೆ ಎದೆ. ಹಿಂದಿನಿಂದ ಯಾರಾದರೂ ನಮ್ಮನ್ನು ದಾಟಿ ಓಡಿಬಿಡುತ್ತಾರೆ ಅನ್ನುವ ಹೆದರಿಕೆಯೇ ಇಲ್ಲ. ಯಾಕಂದರೆ ಹಾಗೆ ಓಡುವವನು ಬೆಂಚಿನ ಪಕ್ಕ ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ.

ರಾಜರ್ಸ್ ಹಿಂದೆ ಸರಿಯುತ್ತಾರೆ, ನೋಡುತ್ತಾರೆ, ಯಾರೂ ಬಿಡಿಸಿಕೊಂಡಿಲ್ಲ. ಇನ್ನೊಮ್ಮೆ ನೋಡುವಷ್ಟರಲ್ಲಿ ಡೆನ್ವರ್ ದಾಂಡಿಗರು ಮೈಮೇಲೆ. ಇಡೀ ಪಂದ್ಯದಲ್ಲಿ ಅವರು ಎಸೆದು ಗಳಿಸಿದ್ದು 77 ಗಜ. ಹಿಂದಿನ ವರ್ಷದ ಶ್ರೇಷ್ಠ ಆಟಗಾರ! ಪಂದ್ಯ 29-10.

ಇಂಥ ಪಂದ್ಯದ ವಿಡಿಯೋ ಮರುದಿನ ಎಲ್ಲ ತಂಡಗಳ ಕೋಚ್‌ಗಳ ಮೇಜಿನ ಮೇಲೆ ಇರುತ್ತದೆ. ಮುಂದಿನ ವಾರ ಕ್ಯಾರೊಲಿನಾ 37-29ರಿಂದ ಸೋಲಿಸಿತು. ಆಮೇಲಿನ ವಾರ ಡೆಟ್ರಾಯಿಟ್ ಗ್ರೀನ್ ಬೇಗೇ ಬಂದು 18-16ರಿಂದ ಗೆದ್ದಿತು. ಡೆಟ್ರಾಯಿಟ್ ಅಲ್ಲಿ ಗೆದ್ದು 1991ರಿಂದ ಆಚೆಗೆ ಅದೇ ಮೊದಲು. ಡೆನ್ವರ್, ಕ್ಯಾರೊಲಿನಾ ಎರಡೂ ಆ ವರ್ಷದ ಸೂಪರ್ ಬೌಲ್‌ನಲ್ಲಿ ಎದುರುಬದುರಾದ ತಂಡಗಳು, ಅವರಿಗೆ ಸೋತದ್ದು ಅವಮಾನವಲ್ಲ ಬಿಡಿ. ಡೆಟ್ರಾಯಿಟ್‌ಗೆ ಸೋತದ್ದಕ್ಕೆ ಯಾವ ಸಮಜಾಯಿಷಿಯೂ ಇರಲಿಲ್ಲ.

ಇಲ್ಲಿ ಕೋಚ್ ಮೈಕ್ ಮೆಕಾರ್ಥಿ ಮೇಲೂ ಒಂದು ಮಾತು ಹೇಳಬೇಕು. ಅವರ ಆಟದ ಯೋಜನೆ ಹೆಚ್ಚಾಗಿ ರಿಸೀವರ್‌ಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿ, 'ನಿನ್ನ ಎದುರಿನವನನ್ನು ನೀನೇ ಸೋಲಿಸು' ಅನ್ನುವ ಥರದ್ದು. ನೆಲ್ಸನ್ ಇದ್ದಾಗ ಅದು ಚೆನ್ನಾಗಿ ನಡೆಯಿತು. ಇಲ್ಲದಾಗ ಯೋಜನೆಯೇ ಬದಲಾಗಬೇಕಿತ್ತು. ಮೂವರನ್ನು ಒಟ್ಟಿಗೆ ಗುಂಪಾಗಿ ನಿಲ್ಲಿಸಿ ಒಬ್ಬರ ದಾರಿಗೆ ಒಬ್ಬರು ಅಡ್ಡ ಹಾಯುವಂತೆ ಮಾಡಿದರೆ ಕಾರ್ನರ್‌ಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಚೆಂಡು ಆಟಕ್ಕೆ ಬರುವ ಮೊದಲು ಒಬ್ಬನನ್ನು ಅಡ್ಡಕ್ಕೆ ಓಡಿಸಿದರೆ ಎದೆಗೆ ಎದೆ ಕೊಡುವುದು ಕಷ್ಟವಾಗುತ್ತದೆ. ಇಂಥವು ಹೊಸ ವಿದ್ಯೆಯೇನಲ್ಲ, ಆಗಲೂ ಬೇರೆ ತಂಡಗಳು ಮಾಡುತ್ತಿದ್ದವು. ಗ್ರೀನ್ ಬೇ ಜನ ಬದಲಾಯಿಸಿತು, ಆಟದ ನಕ್ಷೆಯನ್ನು ಅಷ್ಟಾಗಿ ಬದಲಾಯಿಸಲಿಲ್ಲ. ನನಗೆ ದೊಡ್ಡ ತಪ್ಪು ಅನಿಸುವುದು ಇದೇ.

ಆ ವರ್ಷ ಮೆಕಾರ್ಥಿ ಪ್ರತಿ ಎಸೆತದ ಯೋಜನೆ ಕೂಗಿ ಹೇಳುವ ಕೆಲಸವನ್ನು ತಮ್ಮ ಸಹಾಯಕ ಟಾಮ್ ಕ್ಲೆಮೆಂಟ್ಸ್‌ಗೆ ಬಿಟ್ಟುಕೊಟ್ಟಿದ್ದರು. ಡಿಸೆಂಬರ್‌ನಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಸ್ವಲ್ಪ ಚೇತರಿಕೆ ಕಂಡಿತು, ಪೂರ್ತಿ ಅಲ್ಲ.

ಲಾಟರಿ ಹೊಡೆದ ಎಸೆತಗಳು

ಡಿಸೆಂಬರ್ 3ರಂದು ಮತ್ತೆ ಡೆಟ್ರಾಯಿಟ್, ಈ ಸಲ ಅವರ ಊರಲ್ಲಿ. ಒಂದು ಹಂತದಲ್ಲಿ 20-0 ಹಿಂದೆ. ಕೊನೆಗೆ ಗಡಿಯಾರದಲ್ಲಿ ಸೊನ್ನೆ, ಎದುರಾಳಿಯ ತಪ್ಪಿಗೆ ಸಿಕ್ಕ ಒಂದೇ ಒಂದು ಆಟ ಬಾಕಿ. ರಾಜರ್ಸ್ 61 ಗಜದ ಟಚ್‌ಡೌನ್ ಎಸೆದರು. ಚಾವಣಿ ತಾಗುತ್ತದೇನೋ ಅನ್ನುವಷ್ಟು ಎತ್ತರಕ್ಕೆ ಹೋಗಿ ಇಳಿದ ಚೆಂಡನ್ನು ಟೈಟ್ ಎಂಡ್ (ಸಾಲಿನ ದಡಿಯರ ಪಕ್ಕ ನಿಂತು, ಅಡ್ಡಗಟ್ಟುವ ಮತ್ತು ಚೆಂಡು ಹಿಡಿಯುವ ಎರಡೂ ಕೆಲಸ ಮಾಡುವವನು) ರಿಚರ್ಡ್ ರಾಜರ್ಸ್ ಗುಂಪಿನ ಮುಂದೆ ಹಾರಿ ಹಿಡಿದರು. ಹೆಸರು ಒಂದೇ, ಸಂಬಂಧವಿಲ್ಲ. 27-23.

ಸೀಸನ್ 10 ಗೆಲುವು 6 ಸೋಲಿನಲ್ಲಿ ಮುಗಿಯಿತು. ನೆಲ್ಸನ್ ನಷ್ಟ ಎಷ್ಟು ಅಂತ ಒಂದೇ ಅಂಕಿಯಲ್ಲಿ ಹೇಳು ಅಂದರೆ ನಾನು ಇದನ್ನು ಕೊಡುತ್ತೇನೆ: ರಾಜರ್ಸ್ ಎಸೆದ ಒಂದೊಂದು ಪಾಸ್‌ಗೆ 2014ರಲ್ಲಿ ಸಿಕ್ಕದ್ದು ಸರಾಸರಿ 8.4 ಗಜ, 2015ರಲ್ಲಿ 6.7. ತಂಡದ ಅಂಕ 486ರಿಂದ 368ಕ್ಕೆ ಬಿತ್ತು. ಇನ್ನು ಜೋನ್ಸ್ 50 ಕ್ಯಾಚ್‌ಗೆ 890 ಗಜ ಗಳಿಸಿದ್ದರು, ಅಂದರೆ ಸರಾಸರಿ 17.8. ನೆಲ್ಸನ್ ಸರಾಸರಿಗಿಂತ ಜಾಸ್ತಿ! ಹಾಗಂತ ಅವರು ನೆಲ್ಸನ್ ಜಾಗ ತುಂಬಿದರು ಅಂದುಕೊಂಡರೆ ಅಂಕಿ ನಮ್ಮನ್ನು ಯಾಮಾರಿಸಿದ ಹಾಗೆ. ಕ್ಯಾಚ್ ಅರ್ಧಕ್ಕರ್ಧ ಕಡಿಮೆ, ಅದರಲ್ಲೂ ಉದ್ದದ್ದು ಕೆಲವು ಆ ಪುಕ್ಕಟೆ ಎಸೆತದ ಫಲ. ಚಳಿಗಾಲ ಬಂದ ಮೇಲೆ ಜೋನ್ಸ್ ಜೆರ್ಸಿ ಒಳಗೆ ಹೂಡಿ, ಅಂದರೆ ಟೋಪಿ ಇರುವ ಸ್ವೆಟ್‌ಶರ್ಟ್, ಹಾಕಿಕೊಂಡು ಆಡುತ್ತಿದ್ದರು, ಅದರ ಟೋಪಿ ಬೆನ್ನ ಹಿಂದೆ ಜೋತಾಡುತ್ತಿತ್ತು. ಊರಿಗೆಲ್ಲ ಅದೇ ಖುಷಿ.

2016ರ ಜನವರಿ 16, ಅರಿಜೋನಾದಲ್ಲಿ ಪ್ಲೇಆಫ್, ಅಂದರೆ ಸೋತರೆ ಮನೆಗೆ ಹೋಗುವ ನಾಕೌಟ್ ಪಂದ್ಯ. ಇಲ್ಲಿ ಬಡ್ತಿಯ ಸರಪಳಿ ಕೊನೆಯ ಕೊಂಡಿಗೆ ಬಂತು. ಆಡಮ್ಸ್ ಮಂಡಿ ನೋವಿನಿಂದ ಹೊರಗೆ. ಮೊದಲ ಅರ್ಧದಲ್ಲೇ ಕಾಬ್ ಒಂದು ಅದ್ಭುತ ಕ್ಯಾಚ್‌ಗೆ ಹಾರಿ ಬಿದ್ದು ಶ್ವಾಸಕೋಶಕ್ಕೆ ಪೆಟ್ಟು ಮಾಡಿಕೊಂಡು ಹೊರಗೆ. ಆ ಕ್ಯಾಚ್ ಕೂಡ ದಂಡದಿಂದಾಗಿ ರದ್ದಾಯಿತು. ಉಳಿದವರು ಜೋನ್ಸ್, ಜೇರೆಡ್ ಆಬ್ರೆಡೆರಿಸ್, ಜೆಫ್ ಜಾನಿಸ್. ಜಾನಿಸ್ ಇಡೀ ಸೀಸನ್ನಿನಲ್ಲಿ ಹಿಡಿದಿದ್ದದ್ದು ಎರಡೇ ಕ್ಯಾಚ್. ಮಿಂಚಿನ ವೇಗ, ಆದರೆ ಓಡಬೇಕಾದ ದಾರಿಯಲ್ಲಿ ಕರಾರುವಾಕ್ಕಾಗಿ ಓಡುತ್ತಾರೆ ಅನ್ನುವ ನಂಬಿಕೆ ಯಾರಿಗೂ ಇರಲಿಲ್ಲ.

ಒಂದು ನಿಮಿಷಕ್ಕೂ ಕಡಿಮೆ ಸಮಯ. ಗ್ರೀನ್ ಬೇ 20-13 ಹಿಂದೆ. ತನ್ನದೇ ಗೋಲಿನಿಂದ 4 ಗಜದಲ್ಲಿ ಸಿಕ್ಕಿಕೊಂಡಿದೆ. ನಾಲ್ಕನೇ ಅವಕಾಶ, ಬೇಕಾಗಿರುವುದು 20 ಗಜ. ರಾಜರ್ಸ್ ಜಾನಿಸ್‌ಗೆ 60 ಗಜ ಎಸೆದರು. ಆಮೇಲೆ 5 ಸೆಕೆಂಡ್ ಬಾಕಿ ಇರುವಾಗ, ಇಬ್ಬರು ಬೆನ್ನಟ್ಟಿ ಬರುತ್ತಿರುವಾಗ, ಹಿಂದಕ್ಕೆ ವಾಲಿಕೊಂಡೇ ಮತ್ತೆ 41 ಗಜ ಎಸೆದರು. ಜಾನಿಸ್ ಇಬ್ಬರ ನಡುವೆ ಹಾರಿ ಹಿಡಿದರು. 20-20. ಇಲ್ಲಿ ನಮಗೆ ಅದು ಭಾನುವಾರ ಬೆಳಗಿನ ತಿಂಡಿ ಹೊತ್ತು. ನಂಬಲಾಗದೆ ಎರಡೆರಡು ಸಲ ನೋಡಬೇಕಾಯಿತು. ಹೆಚ್ಚುವರಿ ಸಮಯದ ಮೊದಲ ಆಟದಲ್ಲೇ ಅರಿಜೋನಾದ ಲ್ಯಾರಿ ಫಿಟ್ಜ್‌ಜೆರಾಲ್ಡ್ ಪಾಸ್ ಹಿಡಿದು 75 ಗಜ ಗಳಿಸಿದರು, ಇನ್ನೆರಡು ಆಟ ಕಳೆಯುವಷ್ಟರಲ್ಲಿ ಅವರೇ 5 ಗಜದ ಟಚ್‌ಡೌನ್ ಹಾಕಿ ಕಥೆ ಮುಗಿಸಿದರು. 26-20.

ಆ ಪಂದ್ಯದಲ್ಲಿ ಜಾನಿಸ್ 145 ಗಜ ಗಳಿಸಿದರು. ಇವರನ್ನು ಇಷ್ಟು ದಿನ ಯಾಕೆ ಕೂರಿಸಿದ್ದಿರಿ ಅಂತ ಅಭಿಮಾನಿಗಳು ಬೇಸಿಗೆಯುದ್ದಕ್ಕೂ ಕೇಳಿದರು. ಆದರೆ ಮುಂದೆಯೂ ಅವರು ದೊಡ್ಡ ರಿಸೀವರ್ ಆಗಲಿಲ್ಲ. ಗಡಿಬಿಡಿಯ ಕೊನೇ ಕ್ಷಣದಲ್ಲಿ ವೇಗವಾಗಿ ಓಡಿ ಮೇಲಕ್ಕೆ ಹಾರುವುದು ಒಂದು ಕೆಲಸ. ಮೂರನೇ ಅವಕಾಶದಲ್ಲಿ 6 ಗಜ ಬೇಕಾದಾಗ ಸರಿಯಾಗಿ 7ನೇ ಗಜದಲ್ಲಿ ತಿರುಗಿ ನಿಲ್ಲುವುದು ಬೇರೆಯೇ ಕೆಲಸ.

ಒಂದು ವರ್ಷ ಬಿಟ್ಟು ಅದೇ ಪರೀಕ್ಷೆ

2016ರಲ್ಲಿ ನೆಲ್ಸನ್ ವಾಪಸ್ ಬಂದರು. 97 ಕ್ಯಾಚ್, 1,257 ಗಜ, 14 ಟಚ್‌ಡೌನ್. ಟಚ್‌ಡೌನ್ ಕ್ಯಾಚ್‌ನಲ್ಲಿ ಲೀಗಿಗೇ ಮೊದಲಿಗರು, ಗಾಯದಿಂದ ಮರಳಿದ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಬಂತು. ಆಡಮ್ಸ್ 483 ಗಜದಿಂದ 997ಕ್ಕೆ ಏರಿದರು. 2015ರಲ್ಲಿ ಚೆಂಡು ಕೈಬಿಟ್ಟು ಬೈಸಿಕೊಂಡ ಹುಡುಗ, ಮೇಲಿನ ದರ್ಜೆಯ ಕಾರ್ನರ್‌ಗಳ ಎದುರು ವರ್ಷಪೂರ್ತಿ ಏಟು ತಿಂದು ಏನೋ ಕಲಿತಿದ್ದರು. ಮುಂದೆ ಅವರು ಲೀಗಿನ ಅತಿ ದೊಡ್ಡ ರಿಸೀವರ್‌ಗಳಲ್ಲಿ ಒಬ್ಬರಾದರು. ಮಾಂಟ್‌ಗೊಮರಿ ಕಥೆ ಇನ್ನೂ ತಮಾಷೆ. ಓಡುವವರಿಗೆಲ್ಲ ಗಾಯವಾಗಿ ಅವರನ್ನೇ ಓಡುವ ಜಾಗಕ್ಕೆ ಹಾಕಿದರು, ರಿಸೀವರ್‌ನ 88ನೇ ನಂಬರ್ ಜೆರ್ಸಿಯಲ್ಲೇ. ಇನ್ನೊಂದು ಮುಖ್ಯ ಬದಲಾವಣೆ, ತಂಡ ಜೇರೆಡ್ ಕುಕ್ ಅನ್ನುವ ಎತ್ತರದ, ವೇಗದ ಟೈಟ್ ಎಂಡನ್ನು ತಂದಿತ್ತು. ಮೈದಾನದ ನಡುವೆ ಆಳಕ್ಕೆ ಓಡಬಲ್ಲವರು. ಸೇಫ್ಟಿಯನ್ನು ಹಿಂದೆ ಹಿಡಿದಿಡಲು ಇನ್ನೊಬ್ಬ ಆಳು ಸಿಕ್ಕಂತಾಯಿತು.

2017ರ ಜನವರಿ 8ರಂದು ಜೈಂಟ್ಸ್ ವಿರುದ್ಧದ ಪ್ಲೇಆಫ್‌ನಲ್ಲಿ ನೆಲ್ಸನ್ ಪಕ್ಕೆಲುಬು ಮುರಿಯಿತು. ಮುಂದಿನ ಪಂದ್ಯ ಒಂದೇ ವಾರದಲ್ಲಿ, ಡಲ್ಲಾಸ್‌ನಲ್ಲಿ. ಮತ್ತೆ ಅದೇ ಪ್ರಶ್ನೆ, ಅದೇ ಖಾಲಿ ಜಾಗ.

ಈ ಸಲ ಗಾಬರಿ ಇರಲಿಲ್ಲ. ಆಡಮ್ಸ್ ತುದಿಯಲ್ಲಿ, ಕಾಬ್ ಅವರಿಗೆ ಹೊಂದುವ ಸಂದಿಯಲ್ಲೇ, ಕುಕ್ ನಡುವೆ. ಯಾರನ್ನೂ ಅವರದಲ್ಲದ ಕುರ್ಚಿಗೆ ಕೂರಿಸಲಿಲ್ಲ. ಕುಕ್ 104 ಗಜ ಗಳಿಸಿದರು. ಸ್ಕೋರು 31-31 ಆಗಿ ಕೆಲವೇ ಸೆಕೆಂಡ್ ಉಳಿದಾಗ, ಮೂರನೇ ಅವಕಾಶದಲ್ಲಿ 20 ಗಜ ಬೇಕಿತ್ತು. ಆಟಗಾರರು ಸುತ್ತ ನಿಂತಾಗ ರಾಜರ್ಸ್ ಅಲ್ಲೇ ಒಂದು ಯೋಜನೆ ಕಟ್ಟಿ, ಯಾರು ಎಲ್ಲಿಗೆ ಓಡಬೇಕು ಅಂತ ಒಬ್ಬೊಬ್ಬರಿಗೂ ಹೇಳಿದರಂತೆ, ಗಲ್ಲಿಯಲ್ಲಿ ಹುಡುಗರು ಆಡುವ ಹಾಗೆ. ಆಮೇಲೆ ಎಡಕ್ಕೆ ಓಡುತ್ತಲೇ ಸುಮಾರು 35 ಗಜ ದೂರಕ್ಕೆ ಎಸೆದರು. ಕುಕ್ ಅಂಚಿನ ಗೆರೆಯ ಮೇಲೆ ವಾಲಿಕೊಂಡು ಹಿಡಿದರು. ಮೈಯೆಲ್ಲ ಹೊರಗೆ, ಎರಡು ಕಾಲಿನ ತುದಿ ಬೆರಳು ಮಾತ್ರ ಒಳಗೆ. ಗಡಿಯಾರದಲ್ಲಿ 3 ಸೆಕೆಂಡ್ ಇತ್ತು. ಚೆಂಡು ಒದೆಯುವುದೇ ಕೆಲಸವಾದ ಮೇಸನ್ ಕ್ರಾಸ್ಬಿ ಗೋಲಿನ ಎರಡು ಕಂಬಗಳತ್ತ 51 ಗಜದಿಂದ ಒದ್ದರು, ಚೆಂಡು ಎಡಗಂಬದ ಒಳಗೆ ನುಸುಳಿತು, ಮೂರು ಅಂಕ, 34-31.